ತಂಗಡಗಿಯ ಕಣಜದ ಹುಸಿಚೇಳು

ಶಂಕರೆಪ್ಪನವರು ಬೆಳಿಗ್ಗೆ ಎದ್ದ ಕೂಡಲೇ ಹಿತ್ತಲಿಗೆ ಹೋಗುತ್ತಿದ್ದರು. ಅಲ್ಲಿದ್ದ ಮುದಿ ಹುಣಸೆಮರದ ಬುಡದಲ್ಲಿ ಕುಕ್ಕರಗಾಲಿನಲ್ಲಿ ಕೂತು, ಅರ್ಧ ಬಿಟ್ಟುಕೊಂಡಿದ್ದ ತೊಗಟೆಯ ಚಕ್ಕೆಯೊಂದನ್ನು ಎರಡು ಬೆರಳಿನಿಂದ ಎತ್ತಿ ಒಳಗೆ ನೋಡಿ, ಮತ್ತೆ ಮೆಲ್ಲಗೆ ಒತ್ತಿ ಮುಚ್ಚುತ್ತಿದ್ದರು. ಹಲ್ಲುಜ್ಜುವುದು, ಸ್ನಾನ, ಲಿಂಗಪೂಜೆ ಎಲ್ಲ ಆಮೇಲೆ. ಜ್ವರ ಬಂದ ದಿನವೂ ಕಂಬಳಿ ಹೊದ್ದುಕೊಂಡು ಬಂದು ನೋಡಿ ಹೋಗುತ್ತಿದ್ದರು. ಬಸವನ ಬಾಗೇವಾಡಿಯಲ್ಲಿ ನಮ್ಮ ಮನೆಗೂ ಅವರ ಮನೆಗೂ ನಡುವೆ ಇದ್ದದ್ದು ಒಂದು ಮೋಟು ಮಣ್ಣಿನ ಗೋಡೆ. ನಾನು ಪೂಜೆಗೆ ಪತ್ರಿ ಹರಿಯಲು ಹಿತ್ತಲಿಗೆ ಬರುವ ಹೊತ್ತಿಗೆ ಅವರು ಅಲ್ಲಿ ಇದ್ದೇ ಇರುತ್ತಿದ್ದರು.

"ಒಳಗಿದ್ದವರು ಆರಾಮ ಅದಾರೇನ್ರಿ?" ಎಂದು ಅವರ ಹೆಂಡತಿ ಕಸ್ತೂರೆವ್ವ ಒಲೆಯ ಮುಂದಿನಿಂದಲೇ ಕೂಗುವಳು.

"ಇಬ್ಬರು ಅದಾರ. ಒಬ್ಬಾಕಿ ಬಸರಿ."

"ಚಾಕ್ಕ ಹಾಲಿಲ್ಲ ಅಂದ್ರ ನಿಮಗ ಕೇಳೂದಿಲ್ಲ. ಅಕಿ ಬಸರ ಮಾತ್ರ ಎದ್ದ ಕೂಡ್ಲೇ ಕಾಣ್ತೈತಿ."

ಅವರು ನೋಡುತ್ತಿದ್ದದ್ದು ಹುಸಿಚೇಳು ಎಂಬ ಹುಳವನ್ನು. ಎಳ್ಳಿನ ಕಾಳಿಗಿಂತ ಅಷ್ಟೇನೂ ದೊಡ್ಡದಲ್ಲ. ಚೇಳಿನ ಹಾಗೆಯೇ ಮುಂದೆ ಎರಡು ಚಿಮಟಗಳು, ಹಿಂದೆ ಕೊಂಡಿ ಇಲ್ಲ. ಯಾರನ್ನೂ ಕಡಿಯುವುದಿಲ್ಲ. ತೊಗಟೆಯ ಸಂದಿಯಲ್ಲಿ, ಹಳೆಯ ಕಾಳಿನ ಧೂಳಿನಲ್ಲಿ, ತನಗಿಂತ ಸಣ್ಣ ನುಸಿಗಳನ್ನು ಹಿಡಿದು ತಿಂದು ಬದುಕುತ್ತದೆ. ಕಾಲೇಜಿನ ಹುಡುಗರು ಶಂಕರೆಪ್ಪನವರಿಗೇ 'ಕೊಂಡಿ ಇಲ್ಲದ ಚೇಳು' ಎಂದು ಹೆಸರಿಟ್ಟಿದ್ದರು. ಅದು ಅವರಿಗೆ ಗೊತ್ತಿತ್ತು. "ಸುಳ್ಳೇನ ಅಂದಾರ ಅಕ್ಕಾರ? ನಾ ಯಾರಿಗೆ ಕಡದೇನಿ?" ಎಂದು ನನ್ನ ಮುಂದೆ ನಕ್ಕಿದ್ದರು.

ಅವರು ಸಿಂದಗಿ ತಾಲೂಕಿನ ಆಲಮೇಲದವರು. ಹೊಲಮನೆ ಇದ್ದ ಕುಟುಂಬ. ಮನೆಯಲ್ಲಿ ಮೊದಲು ಕಾಲೇಜು ಕಂಡವರು ಇವರೇ. ಪ್ರಾಣಿಶಾಸ್ತ್ರದಲ್ಲಿ ಎಂ.ಎಸ್ಸಿ. ಮುಗಿಸಿದರೂ ಅಂಕ ಕಡಿಮೆ ಬಿದ್ದದ್ದರಿಂದ, ಬಾಗೇವಾಡಿಯಲ್ಲಿ ಆಗಷ್ಟೇ ತೆರೆದಿದ್ದ ಒಂದು ಸಣ್ಣ ಕಾಲೇಜಿನಲ್ಲಿ ಡೆಮಾನ್‌ಸ್ಟ್ರೇಟರ್ ಆಗಿ ಸೇರಿದರು. ಪಾಠ ಹೇಳುವವರು ಬೇರೆ. ಇವರದು ಕಪ್ಪೆ, ಜಿರಳೆ ತಂದಿಡುವುದು, ಗಾಜು ತೊಳೆಯುವುದು, ಹುಡುಗರ ಕೈ ಹಿಡಿದು ಕೊಯ್ಯುವುದನ್ನು ಕಲಿಸುವುದು. ಆಡಳಿತ ಮಂಡಳಿಯವರು ಒಂದು ಮಾತು ಕೊಟ್ಟಿದ್ದರು. ಶಂಕರೆಪ್ಪ ಡಾಕ್ಟರೇಟ್ ತಂದರೆ ಲೆಕ್ಚರರ್ ಹುದ್ದೆ ಅವರಿಗೇ. ಆ ಒಂದು ಮಾತಿನ ಮೇಲೆ ಅವರ ಸಂಸಾರವೆಲ್ಲ ನಿಂತಿತ್ತು. ಕಸ್ತೂರೆವ್ವ ಏನು ಬೇಡಿದರೂ "ಡಿಗ್ರಿ ಬರಲಿ" ಎನ್ನುವುದೇ ಉತ್ತರ.

ಅವರು ಅಭ್ಯಾಸಕ್ಕೆ ಹಿಡಿದ ವಿಷಯವನ್ನು ಶಾಲೆಯ ಮುಖ ಹೆಚ್ಚು ಕಾಣದ ನನಗೂ ತಿಳಿಯುವಂತೆ ಒಮ್ಮೆ ಹೇಳಿದ್ದರು. ಪ್ರತಿ ಜೀವಿಯ ಕಣಕಣದಲ್ಲಿ ನೂಲಿನಂಥ ವರ್ಣತಂತುಗಳು ಇರುತ್ತವೆ. ತಂದೆಯಿಂದ ಒಂದು ಪಾಲು, ತಾಯಿಯಿಂದ ಒಂದು ಪಾಲು, ಹೀಗೆ ಜೋಡಿ ಜೋಡಿಯಾಗಿ. ನಮ್ಮ ನಿಮ್ಮಲ್ಲಿ ಅವುಗಳ ಎಣಿಕೆ ಒಂದೇ. ಹುಸಿಚೇಳುಗಳಲ್ಲಿ ಹಾಗಲ್ಲ, ಹತ್ತಿರದ ಬಳಗದವುಗಳಲ್ಲೇ ಎಣಿಕೆ ಹೆಚ್ಚುಕಡಿಮೆ ಇರುತ್ತದೆ. ಇಷ್ಟು ಹೇಳಿ, ಕಸಬರಿಗೆಯಿಂದ ಕಡ್ಡಿಗಳನ್ನು ಎಳೆದು ಕಟ್ಟೆಯ ಮೇಲೆ ಇಟ್ಟರು. ಎರಡು ಗಿಡ್ಡ ಕಡ್ಡಿ, ಒಂದು ಉದ್ದ ಕಡ್ಡಿ.

"ಇದು ನೋಡ್ರಿ ಅಕ್ಕಾರ. ನಮ್ಮ ಆಲಮೇಲದ ಕಡೆ, ಭೀಮಾ ದಂಡಿಯ ಹುಳದಾಗ ಇವೆರಡು ಬ್ಯಾರೆ ಬ್ಯಾರೆ ಅದಾವ. ಕೃಷ್ಣಾ ದಂಡಿಯ ಹುಳದಾಗ ಯಾವ ಕಾಲದಾಗೋ ಇವೆರಡೂ ತುದಿಗೆ ತುದಿ ಅಂಟಿ ಈ ಉದ್ದಂದಾಗೇತಿ. ನೋಡಾಕ ಹುಳ ಎರಡೂ ಒಂದ."

"ಎರಡೂ ಕೂಡಿ ಮರಿ ಹಾಕಿದ್ರ?"

ಅವರ ಕಣ್ಣು ಅರಳಿತು. ಉದ್ದ ಕಡ್ಡಿಯ ಪಕ್ಕಕ್ಕೆ ಎರಡು ಗಿಡ್ಡ ಕಡ್ಡಿಗಳನ್ನು ಜೋಡಿಸಿದರು. "ಹಿಂಗ ಮೂರು ಕೂಡಿ ಜೋತು ಬೀಳ್ತಾವ. ಹಂಚಿಕೊಳ್ಳೂ ಹೊತ್ತಿಗೆ ತೊಡಕಾಗ್ತೈತಿ. ಆ ಮರಿಗೆ ಮುಂದ ಮಕ್ಕಳು ಕಡಿಮಿ. ಹಿಂಗ ಭಾಳ ಕಾಲ ನಡದ್ರ ಒಂದಿನ ಎರಡೂ ಬ್ಯಾರೆ ಜಾತಿನ ಆಗಿಬಿಡ್ತಾವ. ಶಿವ ಒಂದನ್ನ ಎರಡು ಮಾಡೂದು ಹಿಂಗ ನೋಡ್ರಿ."

ಅದನ್ನು ಕಾಣುವುದಕ್ಕೆ ಗಂಡುಹುಳ ಹಿಡಿದು ಕೊಯ್ಯಬೇಕು. ಒಳಗಿನ ಎಳೆಯಷ್ಟು ಅಂಗವನ್ನು ಹುಳಿ ವಾಸನೆಯ ಬಣ್ಣದಲ್ಲಿ ಅದ್ದಿ, ಗಾಜಿನ ನಡುವೆ ಇಟ್ಟು ಹೆಬ್ಬೆರಳಿನಿಂದ ಒತ್ತಬೇಕು. ಅವರ ಹೆಬ್ಬೆರಳಿನ ಉಗುರು ಸದಾ ಕಂದುಗೆಂಪಾಗಿರುತ್ತಿತ್ತು. ಕೊಂದ ಹುಳಗಳಿಗಾಗಿ ಸೋಮವಾರ ಗುಡಿಯಲ್ಲಿ ಒಂದು ದೀಪ ಹೆಚ್ಚಿಗೆ ಹಚ್ಚುತ್ತಿದ್ದರು. ನನಗೂ ಹಚ್ಚಲು ಹೇಳಿದ್ದರು. ಹಚ್ಚುತ್ತಿದ್ದೆ.

ಈ ಹುಳಗಳು ಹೆಚ್ಚಾಗಿ ಸಿಗುವುದು ಜೋಳದ ಕಣಜದ ತಳದಲ್ಲಿ. ನಮ್ಮಲ್ಲಿ ಕಣಜದ ತಳ ಬಳಿಯುವುದಿಲ್ಲ. ಎಂಥ ಬರದಲ್ಲೂ ನಾಲ್ಕು ಬೊಗಸೆ ಉಳಿಸುತ್ತಾರೆ. ಹಾಗಾಗಿ ಅಜ್ಜನ ಕಾಲದ ಧೂಳು, ಆ ಧೂಳಿನ ಹುಳ, ಅಲ್ಲೇ ವಂಶ ಬೆಳೆಸಿಕೊಂಡು ಇರುತ್ತವೆ. ಆದರೆ ಕಣಜದ ಕೋಣೆಯೊಳಗೆ ಹೊರಗಿನವರನ್ನು ಯಾರು ಬಿಡುತ್ತಾರೆ? ಎಷ್ಟು ಕಾಳಿದೆ ಎಂದು ಕಣ್ಣು ಬೀಳುತ್ತದೆ. ಹೀಗಾಗಿ ಶಂಕರೆಪ್ಪನವರು ಹುಳ ಆರಿಸಿದ್ದು ಬೀಗರು ಬಳಗದವರ ಮನೆಗಳಲ್ಲಿ. ಆಲಮೇಲದ ತಮ್ಮ ಮನೆ, ಇಂಡಿಯಲ್ಲಿ ಕಸ್ತೂರೆವ್ವನ ತವರು, ಮುದ್ದೇಬಿಹಾಳ ತಾಲೂಕಿನ ತಂಗಡಗಿಯಲ್ಲಿ ಅಕ್ಕ ಸಿದ್ದಲಿಂಗವ್ವನ ಗಂಡನ ಮನೆ. ಇವಲ್ಲದೆ ಮುದ್ದೇಬಿಹಾಳದ ರೈತರ ಕಾಳು ಕೊಂಡು ಮಾರುವ ಒಂದು ಅಡತಿ ಅಂಗಡಿಯಲ್ಲಿ ಗುಡಿಸಿದ ಧೂಳು. ಅಷ್ಟೇ.

ಇಂಡಿ, ಆಲಮೇಲದ ಹುಳಗಳಲ್ಲಿ ಗಿಡ್ಡ ಕಡ್ಡಿ. ಮುದ್ದೇಬಿಹಾಳದ್ದರಲ್ಲಿ ಉದ್ದ ಕಡ್ಡಿ. ತಂಗಡಗಿಯ ಅಕ್ಕನ ಕಣಜದಲ್ಲಿ ಮಾತ್ರ ಎರಡೂ ಇದ್ದವು, ಮೂರರ ತೊಡಕೂ ಇತ್ತು. ಎರಡು ನದಿಗಳ ಬಳಗಗಳು ತಾವಾಗಿಯೇ ಹರಡುತ್ತ ಬಂದು ತಂಗಡಗಿಯಲ್ಲಿ ಕೂಡಿವೆ, ಇದೇ ಅವುಗಳ ಗಡಿ ಎಂದು ಅವರು ಬರೆದರು. ವಿಶ್ವವಿದ್ಯಾಲಯದಲ್ಲಿ ಅವರಿಗೆ ಮಾರ್ಗದರ್ಶಕರಾಗಿದ್ದ ಬಸಂತರಾಯ ಎಂಬ ಪ್ರಾಧ್ಯಾಪಕರು ಆ ಅಧ್ಯಾಯ ಓದಿ, "ಇದೊಂದಕ್ಕ ನಿಮಗ ಡಿಗ್ರಿ ಬರ್ತೈತಿ ಶಂಕರೆಪ್ಪ" ಎಂದರಂತೆ. ಅವತ್ತು ಕಸ್ತೂರೆವ್ವ ಹೋಳಿಗೆ ಮಾಡಿ ನಮ್ಮ ಮನೆಗೂ ಕೊಟ್ಟಳು. ಪ್ರಬಂಧ ಒಪ್ಪಿಸುವುದಕ್ಕೆ ಇನ್ನೊಂದು ವರ್ಷವಷ್ಟೇ ಅವಧಿ ಇತ್ತು.

ಅದು ಎಪ್ಪತ್ನಾಲ್ಕನೆಯ ಇಸವಿ. ನಾಗಪಂಚಮಿಗೆ ಅಕ್ಕನನ್ನು ಆಲಮೇಲದ ತವರಿಗೆ ಕರೆತಂದು, ಹಬ್ಬ ಮುಗಿದ ಮೇಲೆ ತಿರುಗಿ ಬಿಡಲು ಶಂಕರೆಪ್ಪ ತಂಗಡಗಿಗೆ ಹೋದರು. ಆ ಮನೆತನದಲ್ಲಿ ಒಂದು ಪದ್ಧತಿ. ಪಂಚಮಿ ಮುಗಿಸಿ ಹೋಗುವ ಮಗಳ ಸಂಗಡ ಉಂಡಿ, ಜೋಳದ ಅಳ್ಳಿನ ಜೊತೆಗೆ ತವರಿನ ಕಣಜದಿಂದ ಒಂದು ಮಣ್ಣಿನ ಗಡಗಿ ತುಂಬ ಜೋಳ ಹೋಗಬೇಕು. ಅದನ್ನು ತಮ್ಮನೇ ಹೊತ್ತು ಒಯ್ದು ಅವಳ ಗಂಡನ ಮನೆಯ ಕಣಜದಲ್ಲಿ ಸುರಿಯಬೇಕು. ಸಿದ್ದಲಿಂಗವ್ವ ಮದುವೆಯಾದಾಗ ಇವರು ಚಡ್ಡಿಯ ಹುಡುಗ. ಆಗಿನಿಂದ ಒಂದು ವರ್ಷವೂ ಗಡಗಿ ತಪ್ಪಿರಲಿಲ್ಲ. ಮಕ್ಕಳಿಲ್ಲದ ಸಿದ್ದಲಿಂಗವ್ವನಿಗೆ ಆ ಮನೆಯಲ್ಲಿ ತಲೆ ಎತ್ತಿ ನಿಲ್ಲುವ ದಿನ ಅದೊಂದೇ ಇತ್ತು.

ಅವತ್ತೂ ಸುರಿದರು. ತಳಕ್ಕೆ ಹತ್ತಿದ ಧೂಳು ಬೀಳಲೆಂದು ಗಡಗಿಯನ್ನು ಬೋರಲು ಹಿಡಿದು ಬಡಿದಾಗ, ಚಿಮಟ ಎತ್ತಿಕೊಂಡ ಹುಳವೊಂದು ಅವರ ಮುಂಗೈ ಮೇಲೆ ಹರಿಯಿತು. ಅವರು ಹಾಗೇ ನಿಂತುಬಿಟ್ಟರು.

"ಏನ ನೋಡ್ತಿಯೋ ತಮ್ಮಾ, ಝಾಡಿಸಿ ಒಗಿ" ಎಂದಳು ಸಿದ್ದಲಿಂಗವ್ವ.

"ಅಕ್ಕಾ, ಇದು ನಮ್ಮ ಮನೀದು."

"ಮತ್ತ? ಗಡಗಿ ನಮ್ಮ ಮನೀದು, ಕಾಳು ನಮ್ಮ ಮನೀವು, ಹುಳ ಏನ ಬಾಡಿಗೀಲೆ ತಂದೇವೇನು?"

ಅವರು ನಗಲಿಲ್ಲ. ಹೊಸ್ತಿಲ ಮೇಲೆ ಕುಸಿದು ಕೂತರು. ಪಡಸಾಲೆಯಲ್ಲಿ ಅಡಿಕೆ ಕತ್ತರಿಸುತ್ತಿದ್ದ ಅಕ್ಕನ ಅತ್ತೆ ಬಾಳಮ್ಮ ಕೇಳಿದಳು.

"ಯಾಕೋ ಮಾಸ್ತರ, ಮಾರಿ ಯಾಕ ಹಿಂಗಾತು? ನಿನ್ನ ಚೇಳು ನಿನಗ ಕಡೀತೇನು?"

"ಕಡೀಲಿಲ್ರಿ ಅತ್ತಿ. ಗಡಗ್ಯಾಗ ನಮ್ಮೂರ ಹುಳ ಬಂದಾವ್ರಿ. ನಾನ ತಂದೇನಿ. ಇಷ್ಟು ವರ್ಷಾನೂ ನಿಮ್ಮ ಕಣಜಕ್ಕ ನಾನ ತಂದು ಸುರಿದೇನ್ರಿ."

ಬಾಳಮ್ಮ ಅಡಿಕೆ ಕತ್ತರಿಸುವುದನ್ನು ನಿಲ್ಲಿಸಿದಳು. ಅದನ್ನು ಅವರು ಗಮನಿಸಲಿಲ್ಲ. ಅವರ ತಲೆಯಲ್ಲಿ ಇದ್ದದ್ದು ಆ ಅಧ್ಯಾಯ ಒಂದೇ. ಭೀಮೆಯ ಹುಳ ತಾನಾಗಿಯೇ ತಂಗಡಗಿಗೆ ಬಂದಿರಲಿಲ್ಲ. ಇವರ ತಲೆಯ ಮೇಲೆ, ಸಿಂಬಿಯ ಮೇಲಿನ ಗಡಗಿಯಲ್ಲಿ ಬಂದಿತ್ತು. ಮರ, ಮಣ್ಣು, ಮಳೆ ಎಂದು ಹುಳ ಹರಡುವ ದಾರಿಗಳನ್ನೆಲ್ಲ ಬರೆದವರಿಗೆ ತಮ್ಮ ಗಡಗಿ ನೆನಪಾಗಿರಲಿಲ್ಲ. ಅದು ಅವರಿಗೆ ಹುಳ ಸಾಗಿಸುವ ಕೆಲಸವಾಗಿ ಒಮ್ಮೆಯೂ ಕಂಡಿರಲಿಲ್ಲ, ಅಕ್ಕನ ಪಾಲು ಮುಟ್ಟಿಸುವ ಕೆಲಸವಾಗಿತ್ತು.

ಇನ್ನೂ ಒಂದು ಆಸೆ ಉಳಿದಿತ್ತು. ತಂಗಡಗಿಯ ಬೇರೆ ಮನೆಗಳ ಕಣಜದಲ್ಲೂ ಭೀಮೆಯ ಹುಳ ಸಿಕ್ಕರೆ ಗಡಿ ನಿಜ, ಅಧ್ಯಾಯ ಉಳಿಯುತ್ತದೆ. ಅಕ್ಕನ ಕಣಜದಲ್ಲಿ ಮಾತ್ರ ಇದ್ದರೆ ಎಲ್ಲ ಗಡಗಿಯದೇ. ಪರರ ಕಣಜ ಕೇಳುವ ಧೈರ್ಯ ಅವರಿಗಿರಲಿಲ್ಲ. ಸಿದ್ದಲಿಂಗವ್ವನೇ ಹೊರಟಳು.

"ನಮ್ಮ ತಮ್ಮ ದೊಡ್ಡ ಮಾಸ್ತರ ಆಗ್ತಾನವ್ವಾ, ಒಂದು ಹಿಡಿ ಧೂಳು ಕೊಡ್ರಿ" ಎಂದು ಓಣಿಯ ಮನೆಗಳಿಗೂ ಹೊಳೆಯ ಕಡೆಯ ಮನೆಗಳಿಗೂ ಹೋಗಿ ಕೇಳಿದಳು. ಕೆಲವರು ಕೊಟ್ಟರು. ಕೆಲವರು, "ನಿನ್ನ ತಮ್ಮಗ ತಿನ್ನಾಕ ಕಾಳಿಲ್ಲೇನ, ಧೂಳು ಕೇಳ್ತಾನ" ಎಂದು ನಕ್ಕು ಕೊಟ್ಟರು. ಬೇರೆ ಬೇರೆ ಚಿಂದಿಯಲ್ಲಿ ಕಟ್ಟಿದ ಗಂಟುಗಳನ್ನೆಲ್ಲ ಅವರು ಬಾಗೇವಾಡಿಗೆ ತಂದರು.

ದೀಪಾವಳಿ ಕಳೆಯುವವರೆಗೆ ಕೊಯ್ದರು, ಒತ್ತಿದರು, ನೋಡಿದರು. ಒಂದು ಮಧ್ಯಾಹ್ನ ನಾನು ಮಜ್ಜಿಗೆ ಕೊಡಲು ಹೋದಾಗ ಸೂಕ್ಷ್ಮದರ್ಶಕದ ಮೇಲೆ ಪಂಚೆ ಮುಚ್ಚಿ ಕೂತಿದ್ದರು.

"ಏನಾತ್ರಿ?"

"ಎಲ್ಲಾ ಕೃಷ್ಣಾದವ ಅಕ್ಕಾರ. ಅಷ್ಟೂ ಮನೀದೂ. ನಮ್ಮಕ್ಕನ ಮನೀದೊಂದ ಬ್ಯಾರೆ."

ಬಚ್ಚಿಟ್ಟಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಕಸ್ತೂರೆವ್ವ ಅದನ್ನೇ ಹೇಳಿದಳು, ಅತ್ತಳು, ಎರಡು ದಿನ ಒಲೆ ಹಚ್ಚಲಿಲ್ಲ. ಅವರು ಬಸ್ಸು ಹತ್ತಿ ಹೋಗಿ ಬಸಂತರಾಯರಿಗೆ ಇದ್ದದ್ದನ್ನು ಇದ್ದ ಹಾಗೆ ಹೇಳಿ ಬಂದರು. ಬಸಂತರಾಯರು ಆ ಅಧ್ಯಾಯವನ್ನು ಮತ್ತೊಮ್ಮೆ ತಿರುವಿ ನೋಡಿದರಂತೆ. ಆಮೇಲೆ, "ತಂಗಡಗಿ ತೆಗದ್ರ ಉಳಿಯೂದೇನು? ಎರಡು ಕಡೆ ಎರಡು ಎಣಿಕಿ. ಅಷ್ಟಕ್ಕ ಡಿಗ್ರಿ ಕೊಡೂದಿಲ್ಲ. ಈ ಗಡಗಿ ಸಂಗತೀನ ಛಲೋ ಐತಿ, ಆದ್ರ ಹೊಸದಾಗಿ ಮಾಡಬೇಕು. ನಿಮ್ಮ ಅವಧಿ ಮುಗಿಯಾಕ ಬಂತು" ಎಂದರಂತೆ. ಅವರು ಕೆಟ್ಟವರೇನಲ್ಲ. ನಿಯಮ ಹಾಗಿತ್ತು.

ಕಾಲೇಜಿನಲ್ಲಿ ಮೊದಲು ಒಂದಿಷ್ಟು ಕನಿಕರಪಟ್ಟರು, ಆಮೇಲೆ ಮರೆತರು. ಶಂಕರೆಪ್ಪ ಗಾಜು ತೊಳೆಯುತ್ತ ಉಳಿದರು.

ಮರುವರ್ಷದ ಪಂಚಮಿ ಬಂತು. ಅಕ್ಕ ಬಂದಳು, ಜೋಕಾಲಿ ಆಡಿದಳು, ತಿರುಗಿ ಹೊರಟಳು. ಶಂಕರೆಪ್ಪ ಎಂದಿನಂತೆ ಗಡಗಿ ಹೊತ್ತು ಜೊತೆಗೆ ಹೋದರು. ತಂಗಡಗಿಯ ಮನೆಯ ಬಾಗಿಲಲ್ಲಿ ಬಾಳಮ್ಮ ನಿಂತಿದ್ದಳು.

"ಬಾರಪಾ. ಗಡಗಿ ಅಲ್ಲೇ ಕಟ್ಟಿ ಮ್ಯಾಲ ಇಡು."

"ಸುರುವಿ ಬಿಡ್ತೇನ್ರಿ ಅತ್ತಿ, ಒಳಗ."

"ಬ್ಯಾಡ. ಹ್ವಾದ ವರ್ಷ ನೀನ ಅಂದಿ, ನಿಮ್ಮ ಗಡಗ್ಯಾಗ ಹುಳ ಬರ್ತಾವು ಅಂತ. ಧೂಳು ಕೊಟ್ಟವರು ಕೇಳಿದಾಗ ನೀನ ಹೇಳಿದ್ಯಂತ, ಊರ ಮಂದಿ ಕಣಜದಾಗ ಇಲ್ಲ, ನಮ್ಮ ಕಣಜದಾಗಷ್ಟ ಅದಾವ ಅಂತ. ನನ್ನ ಸೊಸೀನ ಮನಿ ಮನಿಗೆ ಕಳಸಿ ನೀನ ಸಾರಿ ಬಂದಿ."

"ಅವು ಕಾಳು ತಿನ್ನೂದಿಲ್ರಿ. ನುಸಿ ತಿಂತಾವ್ರಿ. ಅವು ಇದ್ರ ಕಣಜಕ್ಕ ಛಲೋನ್ರಿ."

"ಸಾಲಿ ಕಲ್ತಾಂವ ನೀನು, ಒಂದ ವರ್ಷ ಒಂದ ಹೇಳಿದ್ರ ನಾ ಯಾವುದು ನಂಬಲಿ? ಹ್ವಾದ ವರ್ಷ ಆ ಹುಳ ನೋಡಿ ಹೆಣಾ ಕಂಡಾಂವನಂಗ ಹೊಸ್ತಿಲದಾಗ ಕುಂತಿದ್ದಿ. ಛಲೋ ಹುಳ ನೋಡಿ ಯಾರಾರ ಹಂಗ ಕೂಡ್ತಾರೇನು?"

ಹೋದ ವರ್ಷ ಅವರು ಕಂಗೆಟ್ಟಿದ್ದು ಡಿಗ್ರಿಗಾಗಿ ಎಂದು ಬಾಳಮ್ಮನಿಗೆ ಹೇಗೆ ತಿಳಿಸಬೇಕು? ಹೊರಗಿದ್ದ ಆಳನ್ನು ಕರೆದು ಬಾಳಮ್ಮ ಗಡಗಿಯ ಜೋಳವನ್ನು ಎತ್ತುಗಳ ಗೋದಲಿಗೆ ಹಾಕಿಸಿದಳು. ಸಿಟ್ಟಿನಿಂದಲ್ಲ, ಕಾಳು ಕೆಡಬಾರದೆಂದು. ಸಿದ್ದಲಿಂಗವ್ವ ಬಾಗಿಲ ಹಿಂದೆ ನಿಂತು ಎತ್ತುಗಳು ಮೇಯುವುದನ್ನು ನೋಡಿದಳು. ತಮ್ಮ ಹೊರಡುವಾಗ ಬರಿ ಗಡಗಿಯನ್ನು ತೊಳೆದು ಕೈಗೆ ಕೊಟ್ಟಳು.

"ಒದರಬೇಕಿತ್ತೇನೋ ಅದನ್ನ? ಮನಸಿನ್ಯಾಗ ಇಟಗೊಂಡಿದ್ರ ನಿನ್ನ ಗಂಟೇನ ಹೋಗ್ತಿತ್ತು?"

"ತಪ್ಪಾತಕ್ಕಾ."

"ಮುಂದಿನ ಪಂಚಮಿಗೆ ಕರೀಲಾಕ ಬರಬ್ಯಾಡ. ನಾ ತವರಿಗೆ ಬಂದು ಬರಿಗೈಲೆ ತಿರುಗೂದಕ್ಕಿಂತ ಬರದಿದ್ದಿದ್ದ ಚಂದ."

ಅವಳು ಹೇಳಿದಂತೆಯೇ ಮಾಡಿದಳು. ಶಂಕರೆಪ್ಪ ಮುಂದಿನ ವರ್ಷವೂ ಹೋದರು. ಮನೆಯಲ್ಲಿ ಚಹಾ ಕೊಟ್ಟರು, ಊಟ ಹಾಕಿದರು. ಅಕ್ಕ ಮಾತ್ರ ತವರಿಗೆ ಹೊರಡಲು ಸೀರೆಯ ಗಂಟು ಕಟ್ಟಲಿಲ್ಲ. ಹಬ್ಬದ ದಿನ ನಮ್ಮ ಹಿತ್ತಲಿನಿಂದ ಅವರ ಮನೆಗೆ ಕಣ್ಣು ಹಾಯಿಸಿದರೆ ಆಲಮೇಲಕ್ಕೂ ಹೋಗದೆ ಕಸ್ತೂರೆವ್ವ ಒಬ್ಬಳೇ ಉಂಡಿ ಕಟ್ಟುತ್ತಿದ್ದಳು.

ಎಪ್ಪತ್ತೇಳರಲ್ಲಿ ಆ ಲೆಕ್ಚರರ್ ಹುದ್ದೆಗೆ ಗುರಪ್ಪ ಎಂಬ ಹುಡುಗ ಬಂದ. ಮೆದು ಮಾತಿನವನು, ಒಳ್ಳೆಯವನು. ಬಸಂತರಾಯರ ಕೈಕೆಳಗೇ ಓದಿ ಡಾಕ್ಟರೇಟ್ ಪಡೆದಿದ್ದ. ಅವನ ವಿಷಯ, ಮನುಷ್ಯರು ಕಾಳು ಸಾಗಿಸುವುದರಿಂದ ಹುಸಿಚೇಳುಗಳ ವರ್ಣತಂತುಗಳು ಊರಿಂದೂರಿಗೆ ಬೆರೆಯುವುದು. ಅಡತಿ ಅಂಗಡಿ, ಸಂತೆ, ಲಾರಿ ಎಂದು ತಿರುಗಿ ಮಾಡಿದ್ದ. ಮೊದಲ ಪುಟದಲ್ಲಿ ವಂದಿಸಿದವರ ಸಾಲಿನಲ್ಲಿ ಶಂಕರೆಪ್ಪನವರ ಹೆಸರೂ ಇತ್ತು. ಅದನ್ನು ತೋರಿಸಲೆಂದೇ ಆ ಪುಸ್ತಕ ಹಿಡಿದುಕೊಂಡು ಬಂದಿದ್ದ. ಶಂಕರೆಪ್ಪ ಆ ಪುಟ ಓದಿ, "ಅಚ್ಚು ಛಲೋ ಆಗೇತ್ರಿ" ಎಂದರು. ಅವತ್ತಿನಿಂದ ಅವನ ಗಾಜುಗಳನ್ನು ತೊಳೆಯುವ ಕೆಲಸ ಅವರದು. ಹುಡುಗರು, "ಕೊಂಡಿ ಇದ್ದದ್ದು ಬಂತಲೇ, ಇಲ್ಲದ್ದು ನೀರು ಹೊರಾಕತ್ತೈತಿ" ಎಂದು ವರಾಂಡದಲ್ಲಿ ಕೇಳುವ ಹಾಗೆಯೇ ಆಡಿಕೊಂಡರು.

ಆ ವರ್ಷ ಶ್ರಾವಣ ಹತ್ತಿರ ಬಂದಾಗ ಒಂದು ಸಂಜೆ ಗುರಪ್ಪ ಅವರ ಮನೆಗೆ ಬಂದ. ನಾನು ಕಸ್ತೂರೆವ್ವನ ಸಂಗಡ ಪಡಸಾಲೆಯಲ್ಲಿ ಬತ್ತಿ ಹೊಸೆಯುತ್ತಿದ್ದೆ. ಗುರಪ್ಪ ಚಹಾದ ಬಟ್ಟಲು ಹಿಡಿದು ಬಹಳ ಮರ್ಯಾದೆಯಿಂದ ಮಾತು ತೆಗೆದ.

"ಸರ, ನಿಮ್ಮ ನೋಂದಣಿ ಮತ್ತ ಹೊಸದ ಮಾಡಸ್ತೇನ್ರಿ. ಬಸಂತರಾಯರ ಜೋಡಿ ಮಾತಾಡಿ ಬಂದೇನಿ. ಮಂಡಳಿಯವರೂ ಇನ್ನೊಂದು ಹುದ್ದೆ ತೆಗೀತೇವಂದಾರ. ಎರಡ ಮೂರ ವರ್ಷದಾಗ ನಿಮಗ ಡಿಗ್ರಿ ಆಗ್ತೈತ್ರಿ."

ಕಸ್ತೂರೆವ್ವನ ಕೈಯಲ್ಲಿದ್ದ ಹತ್ತಿ ಹಾಗೇ ನಿಂತಿತು.

"ನಾ ಏನ ಮಾಡಬೇಕ್ರಿ ಅದಕ್ಕ?" ಶಂಕರೆಪ್ಪ ಕೇಳಿದರು.

"ಹೆಚ್ಚಿಂದೇನಿಲ್ರಿ. ಗಡಗಿ ನಿಂತು ಎರಡ ವರ್ಷಾತಂತ ಕೇಳಿದೆ. ಮತ್ತ ಸುರು ಮಾಡ್ರಿ. ವರ್ಷಾ ಸುರುವಿ, ವರ್ಷಾ ತಳದ ಧೂಳು ತಗದು ನೋಡೂದು. ಭೀಮಾದ ಹುಳ ಎಷ್ಟು ದಿನಕ್ಕ ಬೇರೂರ್ತಾವು ಅಂತ. ಇಡೀ ದೇಶದಾಗ ಇಂಥಾ ಕಣಜ ಯಾರ ಹತ್ರಾನೂ ಇಲ್ರಿ ಸರ. ಬಾಳಮ್ಮಾರ್ಗೆ ನಾನ ಬಂದು ತಿಳಿಸಿ ಹೇಳ್ತೇನಿ. ಕಾಲೇಜಿನ ಸಾಹೇಬ್ರು ಬಂದು ಕೈ ಮುಗದ್ರ ಒಲ್ಲೆ ಅನ್ನೂದಿಲ್ಲ. ನಿಮ್ಮ ಅಕ್ಕಾರಿಗೂ ಅವರ ಗಡಗಿ ಬಂದಂಗಾತು."

ಅವನು ಹೇಳಿದ್ದರಲ್ಲಿ ಒಂದೂ ತಪ್ಪು ಮಾತಿರಲಿಲ್ಲ. ಶಂಕರೆಪ್ಪನವರು ತಮ್ಮ ಹೆಬ್ಬೆರಳು ನೋಡಿಕೊಂಡರು. ಉಗುರು ಬೆಳೆದು ಅದರ ಬಣ್ಣ ಎಂದೋ ಹೋಗಿತ್ತು.

"ನಮ್ಮಕ್ಕ ತೊಗೊಳ್ಳೂದಿಲ್ರಿ ಅದನ್ನ."

"ಕೇಳಿ ನೋಡ್ರಿ ಸರ, ಒಂದ ಸಲ."

"ಕೇಳೂದಿಲ್ರಿ. ನಾ ಒಯ್ತಿದ್ದುದು ಜೋಳ. ನೀವು ಒಯ್ಯಿ ಅನ್ನೂದು ಹುಳ. ಗಡಗಿ ಅದ ಇದ್ರೂ ಅಕಿಗೆ ಗೊತ್ತಾಗ್ತೈತ್ರಿ."

"ಏನ್ರಿ," ಕಸ್ತೂರೆವ್ವ ಹತ್ತಿ ಕೆಳಗಿಟ್ಟು ಅಂದಳು, "ಒಂದೀಟ ವಿಚಾರ ಮಾಡಿ ಮಾತಾಡ್ರಿ. ನನ್ನ ಮಾರಿನಾದ್ರೂ ನೋಡ್ರಿ."

ಅವರು ಹೆಂಡತಿಯ ಮುಖ ನೋಡಿದರು. ನೋಡಿಯೇ ಗುರಪ್ಪನ ಕಡೆ ತಿರುಗಿದರು.

"ಬ್ಯಾಡ್ರಿ ಸರ. ನೋಂದಣೀನೂ ಬ್ಯಾಡ, ಬಾಳಮ್ಮಗ ಹೇಳೂದೂ ಬ್ಯಾಡ. ಚಾ ಆರಾಕತ್ತೈತಿ, ಕುಡೀರಿ."